ನಿದ್ದೆಹೋದ ಕುರುಬ

ಗುಡ್ಡದ ನೆತ್ತಿಯಲ್ಲಿ ಹುಡುಗನೊಬ್ಬ ಕೂತಲ್ಲೇ ನಿದ್ದೆಹೋಗಿದ್ದಾನೆ. ಬಲಗೈ ಕೆನ್ನೆಗೆ ಆನಿದೆ, ಕಾಲ ಮೇಲೆ ಕಾಲು ಬಿದ್ದಿದೆ. ಮೈಮೇಲೆ ಉಣ್ಣೆಯ ಅಂಗಿ, ನಡುವಿಗೆ ಹಗ್ಗ, ಇಳಿಬಿದ್ದ ಸೋರೆಬುರುಡೆ, ಪಕ್ಕದಲ್ಲಿ ಬುತ್ತಿಯ ಚೀಲ. ಹೆಗಲ ಮೇಲೊಂದು ಕುರಿಮರಿ, ಮಡಿಲಲ್ಲಿ ಇನ್ನೊಂದು. ಎಡಗೈ ಮಡಿಲಿನ ಮರಿಯ ಮೇಲಿದೆ. ನಿದ್ದೆಯಲ್ಲೂ ಅದನ್ನು ಬಿಟ್ಟಿಲ್ಲ. ಅವನ ಕಾಲಬುಡದಿಂದ ಗುಡ್ಡ ಹಂತ ಹಂತವಾಗಿ ಇಳಿಯುತ್ತದೆ. ಒಂದು ಹಂತದಲ್ಲಿ ನೀರಿನ ಬುಗ್ಗೆ, ಅದರ ಎರಡು ಮಗ್ಗುಲಲ್ಲೂ ಕತ್ತು ಚಾಚಿ ಕುಡಿಯುವ ಹಕ್ಕಿಗಳು. ಅದರ ಕೆಳಗೆ ಬಂಡೆಯ ಸಂದುಗಳಲ್ಲಿ ಮೇಯುವ ಕುರಿ, ಮಲಗಿದ ಕುರಿ, ಹಿಂದೆ ತಿರುಗಿ ನೋಡುವ ಕುರಿ. ಎಲ್ಲಕ್ಕಿಂತ ಕೆಳಗೆ ಒಂದು ಗವಿ. ಗವಿಯೊಳಗೆ ಹೆಂಗಸೊಬ್ಬಳು ಒರಗಿಕೊಂಡು ಪುಸ್ತಕ ಓದುತ್ತಿದ್ದಾಳೆ. ಇಷ್ಟೂ ಆನೆಯ ದಂತದಲ್ಲಿ. ಮೊಳದುದ್ದದವೂ ಇವೆ, ಆದರೆ ಗೇಣು, ಒಂದೂವರೆ ಗೇಣಿನವೇ ನನಗೆ ಹೆಚ್ಚು ಪ್ರಿಯ.

ಹುಡುಗ ಬಾಲಯೇಸು. ಪೋರ್ಚುಗೀಸರ ಬಾಯಲ್ಲಿ ಇವನು ‘ಬೋಮ್ ಪಾಸ್ತೋರ್’, ಅಂದರೆ ಒಳ್ಳೆಯ ಕುರುಬ. 17ನೇ ಶತಮಾನದ ಗೋವಾದಲ್ಲಿ ಈ ಮೂರ್ತಿಯನ್ನು ತಲೆಮಾರುಗಟ್ಟಲೆ ಕೆತ್ತಿದರು. ಸಿರಿವಂತ ಕ್ರೈಸ್ತರ ಮನೆಯ ಪೀಠದ ಮೇಲೆ ಒಂದಷ್ಟು ಉಳಿದವು. ಬಹಳಷ್ಟು ಹಡಗು ಹತ್ತಿ ಲಿಸ್ಬನ್ನಿಗೆ ಹೋದವು, ಅಲ್ಲಿಂದ ಊರೂರಿಗೆ ಚದುರಿದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಬಾಲ್ಟಿಮೋರಿನ ವಾಲ್ಟರ್ಸ್ ಸಂಗ್ರಹದಲ್ಲಿ, ಲಿಸ್ಬನ್ನಿನ ಪ್ರಾಚೀನ ಕಲೆಯ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ ಈ ಹುಡುಗ ಇಂದಿಗೂ ಮಲಗಿದ್ದಾನೆ. ನಮಗೆ ಹತ್ತಿರದಲ್ಲಿ ನೋಡಬೇಕೆಂದರೆ ಹಳೇ ಗೋವಾದ ಕ್ರೈಸ್ತ ಕಲಾ ಮ್ಯೂಸಿಯಂ ಇದೆ. ಅದು 1994ರಲ್ಲಿ ರಾಯ್ತೂರಿನ ಸೆಮಿನರಿಯಲ್ಲಿ ತೆರೆದು, 2002ರಲ್ಲಿ ಸಾಂತಾ ಮೋನಿಕಾ ಕನ್ಯಾಮಠದ ಕಟ್ಟಡಕ್ಕೆ ಬಂತು. ಗೋವಾದ ಕ್ರೈಸ್ತ ಮನೆಗಳಲ್ಲೂ ಇಗರ್ಜಿಗಳಲ್ಲೂ ಇದ್ದ ದಂತದ, ಮರದ, ಬೆಳ್ಳಿಯ ಕೆಲಸ ಎಂಥದ್ದು ಎಂದು ಒಂದೇ ಕಡೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆಗಿಲ್ಲ.

ನಾನು ಹುಟ್ಟಿದ್ದು ಉತ್ತರ ಕನ್ನಡದಲ್ಲಿ, ಹೊನ್ನಾವರದ ಹತ್ತಿರ. ನಮ್ಮ ಬೇಲಿಯಾಚೆಯದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಅವರ ಜಗಲಿಯಿಂದ ಒಳಗೆ ಕಾಲಿಟ್ಟರೆ ಎದುರಿಗೇ ಅಲ್ತಾರ್: ಗೋಡೆಗೆ ಹೊಡೆದ ಮರದ ಹಲಗೆ, ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಸಂತ ಅಂತೋನಿಯ ಗಾರೆಯ ಮೂರ್ತಿ, ಒಂದು ಶಿಲುಬೆ, ಗಾಜಿನ ಲೋಟದಲ್ಲಿ ಎಣ್ಣೆದೀಪ. ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರುವಾದರೆ ಅವರ ದನಿ ನಮ್ಮ ಅಂಗಳಕ್ಕೆ ಕೇಳುತ್ತಿತ್ತು, ನಮ್ಮ ಭಜನೆ ಅವರ ಹಿತ್ತಿಲಿಗೆ. ಜಪ ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಕೈಮುಗಿದು ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದನ್ನು ನೋಡಲೆಂದೇ ನಾನು ಬೇಲಿ ದಾಟಿ ಹೋಗುತ್ತಿದ್ದೆ. ಬಾಯಮ್ಮ ನನ್ನ ತಲೆಯ ಮೇಲೂ ಕೈಯಿಡುತ್ತಿದ್ದರು. ಮನೆಯ ದೇವರೆಂದರೆ ಹೇಗಿರುತ್ತಾನೆ ಎಂಬುದನ್ನು ನಾನು ನಮ್ಮ ದೇವರ ಕೋಣೆಯಿಂದ ಕಲಿತಷ್ಟೇ ಆ ಹಲಗೆಯಿಂದಲೂ ಕಲಿತೆ. ಅವನು ಇಗರ್ಜಿಯಲ್ಲಿ ಇರುವವನಷ್ಟು ದೊಡ್ಡವನಲ್ಲ. ಧೂಳು ಕೂತರೆ ಸೆರಗಿನಲ್ಲಿ ಒರೆಸಿಸಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಗೋಡೆ ಒಸರಿದರೆ ಅವನನ್ನೂ ಎತ್ತಿ ಒಳಗಿಡುತ್ತಾರೆ. ಗೋವಾದ ಒಳ್ಳೆಯ ಕುರುಬನನ್ನು ಮೊದಲ ಸಲ ಕಂಡಾಗ ಇವನು ಅಂಥ ಹಲಗೆಗೆಂದೇ ಹುಟ್ಟಿದವನು ಎಂದು ನನಗೆ ತಟ್ಟನೆ ಅನ್ನಿಸಿತು. ದೂರ ನಿಂತವರಿಗೆ ಇವನು ಏನನ್ನೂ ಕೊಡುವುದಿಲ್ಲ. ಬಗ್ಗಿ, ಮುಖವನ್ನು ಒಂದು ಅಡಿ ಹತ್ತಿರಕ್ಕೆ ತಂದರಷ್ಟೇ ಕುರಿಗಳು ಒಂದೊಂದಾಗಿ ಕಾಣತೊಡಗುತ್ತವೆ.

ಈ ನಿದ್ದೆ ನನ್ನನ್ನು ಕಾಡಿದೆ. ಕುರುಬನ ಕೆಲಸವೇ ಎಚ್ಚರವಾಗಿರುವುದು. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದ ಕುರುಬ ಕುರಿಗಳಿಗಾಗಿ ಪ್ರಾಣ ಕೊಡುವವನು. ಲೂಕನ ಸುವಾರ್ತೆಯವನು ತೊಂಬತ್ತೊಂಬತ್ತನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೊರಟವನು. ರೋಮಿನ ನೆಲದಡಿಯ ಸಮಾಧಿಗಳಲ್ಲಿ 3ನೇ ಶತಮಾನದ ಕ್ರೈಸ್ತರು ಬಿಡಿಸಿದ ಕುರುಬನೂ ನೆಟ್ಟಗೆ ನಿಂತಿದ್ದಾನೆ, ಹೆಗಲಿಗೆ ಕುರಿ ಹಾಕಿಕೊಂಡಿದ್ದಾನೆ. ಅಲ್ಲಿಂದ ಗೋವಾಕ್ಕೆ ಬರುವಷ್ಟರಲ್ಲಿ ಅವನು ಮಗುವಾದ, ಕೂತ, ಕಣ್ಣು ಮುಚ್ಚಿದ. ಹೇಗೆ? ಕಲೆಯ ಚರಿತ್ರೆ ಬರೆದವರು ಕೆಲವು ದಾರಿ ತೋರಿಸುತ್ತಾರೆ. ಆಂಟ್‌ವೆರ್ಪಿನಲ್ಲಿ ವೀರಿಕ್ಸ್ ಸಹೋದರರು ಅಚ್ಚು ಹಾಕಿದ ಭಕ್ತಿಚಿತ್ರಗಳನ್ನು ಜೆಸುಯಿಟ್ ಪಾದ್ರಿಗಳು ಕಂತೆಗಟ್ಟಲೆ ಪೂರ್ವಕ್ಕೆ ತಂದಿದ್ದರು. 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಗೋವಾದಿಂದ ಹೋದ ಪಾದ್ರಿಗಳ ಪೆಟ್ಟಿಗೆಯಲ್ಲೂ ಯುರೋಪಿನ ಚಿತ್ರಗಳಿದ್ದವು. ಅಂಥ ಅಚ್ಚಿನ ಹಾಳೆಗಳಲ್ಲಿ ಮಲಗಿದ ಬಾಲಯೇಸು ಉಂಟು. ತಾನು ಮಲಗಿದರೂ ಹೃದಯ ಎದ್ದಿದೆ ಎನ್ನುವ ಅರ್ಥದ ಮಾತು ಪರಮಗೀತೆಯಲ್ಲಿದೆ. ಪಾದ್ರಿಗಳು ಆ ಮಾತನ್ನು ಈ ಮಗುವಿಗೆ ಹೊಂದಿಸಿದರು. ದೋಣಿಯಲ್ಲಿ ಬಿರುಗಾಳಿ ಎದ್ದಾಗ ಯೇಸು ನಿದ್ದೆಮಾಡುತ್ತಿದ್ದ ಕಥೆಯೂ ಅವರಿಗೆ ಗೊತ್ತು. ಕೆಲವು ವಿದ್ವಾಂಸರಿಗೆ ಕೆನ್ನೆಗೆ ಕೈಕೊಟ್ಟ ಈ ಭಂಗಿಯಲ್ಲಿ ಬುದ್ಧ ಕಾಣುತ್ತಾನೆ. ಸಿಂಹಳದ ಕರಾವಳಿಯೂ ಪೋರ್ಚುಗೀಸರ ಕೈಯಲ್ಲಿತ್ತು, ಅಲ್ಲಿನ ದಂತದ ಕೆಲಸಕ್ಕೂ ಹೆಸರಿತ್ತು, ಆದ್ದರಿಂದ ಆ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು.

ಆದರೂ ನನಗೆ ಬುದ್ಧ ಕಾಣುವುದಿಲ್ಲ. ಬುದ್ಧನ ಕಣ್ಣು ಒಳಗೆ ನೋಡುತ್ತಿರುತ್ತದೆ. ಈ ಹುಡುಗನ ಕಣ್ಣು ಎಲ್ಲಿಯೂ ನೋಡುತ್ತಿಲ್ಲ, ಇವನು ದಣಿದು ಮಲಗಿದ್ದಾನೆ. ತಲೆ ಒಂದಿಷ್ಟು ವಾಲಿದೆ, ಕೈ ತಲೆಯ ಭಾರವನ್ನು ಹೊತ್ತಿದೆ, ಒಳ್ಳೆಯ ಮೂರ್ತಿಗಳಲ್ಲಿ ತುಟಿ ಕೂಡ ಸಡಿಲವಾಗಿದೆ. ನಮ್ಮ ಕಡೆ ಬೇಣದಲ್ಲಿ ದನ ಬಿಟ್ಟು ಮುರಕಲ್ಲಿನ ಮೇಲೆ ಕೂತ ಹುಡುಗರು ಮಧ್ಯಾಹ್ನದ ಹೊತ್ತಿಗೆ ಹೀಗೆಯೇ ತೂಕಡಿಸುತ್ತಿದ್ದರು. ಗೋವಾದ್ದೂ ಅದೇ ಮುರಕಲ್ಲು, ಅದೇ ಬಿಸಿಲು. ಹಾಳೆಯಲ್ಲಿ ಬಂದದ್ದು ಆಂಟ್‌ವೆರ್ಪಿನ ಮಗು. ಅದನ್ನು ಮಲಗಿಸಿದವನು ನಿಜವಾಗಿ ನಿದ್ದೆಹೋದ ದನಗಾಹಿ ಹುಡುಗನನ್ನು ಕಂಡಿದ್ದ. ಕೊಳಲೂದುವ ಬಾಲಗೋಪಾಲನೂ ಅವನ ಕೈಗೆ ಪರಿಚಿತ ಇದ್ದಿರಲೇಬೇಕು, ದನ ಕಾಯುವ ದೇವರ ಮಗು ಅವನಿಗೆ ಹೊಸತಾಗಿರಲಾರದು. ಕುರಿಗಳೇ ಅವನಿಗೆ ಹೊಸತು. ಮಳೆ ಹೊಯ್ಯುವ ನಮ್ಮ ಕರಾವಳಿಯಲ್ಲಿ ಕುರಿಮಂದೆ ಅಪರೂಪ. ಕೆಲವು ಮೂರ್ತಿಗಳ ಕುರಿ ಕರುವಿನ ಹಾಗೆ ಮಲಗುತ್ತದೆ, ಮುಂಗಾಲು ಮಡಚುವ ರೀತಿ ನೋಡಿದರೆ ಗೊತ್ತಾಗುತ್ತದೆ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ಕಂಡದ್ದನ್ನೇ ಕೆತ್ತುವವನು ಒಳ್ಳೆಯ ಶಿಲ್ಪಿ.

ಬಾಯಮ್ಮನಿಗೆ ಈ ಮೂರ್ತಿಯ ಚಿತ್ರ ತೋರಿಸಿ, ಕುರುಬ ಮಲಗಿಬಿಟ್ಟರೆ ಹೇಗೆ ಎಂದು ಕೇಳಿದ್ದೆ. ಅವರಿಗೆ ಆಗಲೇ ಎಂಬತ್ತು ದಾಟಿತ್ತು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಮಲಗಲಿ ಬಿಡು ಮಗಾ, ಕುರಿ ಯಾವುದೂ ಎಲ್ಲಿಗೂ ಹೋಗಲಿಲ್ಲವಲ್ಲ” ಎಂದರು. ಪರಮಗೀತೆಯ ವ್ಯಾಖ್ಯಾನಕ್ಕಿಂತ ಈ ಮಾತು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಮಲಗಿದ ಮಗುವಿನ ಸುತ್ತ ಮನೆಯವರು ದನಿ ತಗ್ಗಿಸಿ ಓಡಾಡುತ್ತಾರೆ. ದೊಡ್ಡ ಕಣ್ಣು ತೆರೆದು ಲೆಕ್ಕ ಇಡುವ ದೇವರ ಎದುರು ಹೆದರಿಕೆ ಹುಟ್ಟಬಹುದು; ಈ ಹುಡುಗನ ಎದುರು ಹುಟ್ಟುವುದು ಅವನಿಗೆ ಎಚ್ಚರವಾಗದಿರಲಿ ಎಂಬ ಕಾಳಜಿ. ಕಾಯುವ ಕೆಲಸ ನೋಡುವವರ ಪಾಲಿಗೂ ಬರುತ್ತದೆ. ಮನೆಯೊಳಗಿನ ಭಕ್ತಿಯನ್ನು ಇಷ್ಟು ಸರಿಯಾಗಿ ಹಿಡಿದ ಬೇರೆ ಮೂರ್ತಿಯನ್ನು ನಾನು ಕಂಡಿಲ್ಲ.

ಕೆತ್ತಿದವನ ಹೆಸರು ಯಾವ ಮೂರ್ತಿಯ ಅಡಿಯಲ್ಲೂ ಇರುವುದಿಲ್ಲ. ಅವನು ಬದುಕಿದ ಕಾಲ ಮಾತ್ರ ದಾಖಲೆಯಲ್ಲಿದೆ. ಅಫೊನ್ಸೊ ದೆ ಅಲ್ಬುಕರ್ಕ್ ಗೋವಾ ಹಿಡಿದದ್ದು 1510ರಲ್ಲಿ. 1540ರಿಂದ ಗೋವಾ ದ್ವೀಪದ ದೇವಸ್ಥಾನಗಳು ಬಿದ್ದವು, 1560ರ ದಶಕದಲ್ಲಿ ಪಕ್ಕದ ಸಾಷ್ಟಿ, ಬಾರ್ದೇಶಗಳವೂ ಬಿದ್ದವು. ಮಂಗೇಶನನ್ನು ಕುಶಸ್ಥಳಿಯಿಂದ, ಶಾಂತಾದುರ್ಗೆಯನ್ನು ಕೇಳೋಶಿಯಿಂದ ಭಕ್ತರು ಎತ್ತಿಕೊಂಡು ಪೋರ್ಚುಗೀಸರ ಗಡಿಯಾಚೆ ಹೋದರು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಗುಡಿ ಕಟ್ಟುತ್ತಿದ್ದ, ಮೂರ್ತಿ ಕೆತ್ತುತ್ತಿದ್ದ ಕೈಗಳಿಗೆ ಗುಡಿ ಇಲ್ಲದಾಯಿತು. ಅದೇ ಹೊತ್ತಿಗೆ ಇಗರ್ಜಿಗಳು ಏಳುತ್ತಿದ್ದವು, ಅವಕ್ಕೆ ಮೂರ್ತಿ ಬೇಕಿತ್ತು. 1567ರಲ್ಲಿ ಗೋವಾದಲ್ಲಿ ಸೇರಿದ ಮೊದಲ ಪ್ರಾಂತೀಯ ಧರ್ಮಸಭೆ ಕ್ರೈಸ್ತರಲ್ಲದವರಿಂದ ಪೂಜೆಯ ವಸ್ತು ಮಾಡಿಸಕೂಡದೆಂದು ಕಟ್ಟಳೆ ಮಾಡಿತು. ಅಂಥ ಕಟ್ಟಳೆ ಆಮೇಲೆಯೂ ಮತ್ತೆ ಮತ್ತೆ ಹೊರಟಿತು. ನಿಷೇಧವನ್ನು ಪದೇ ಪದೇ ಹೊರಡಿಸಬೇಕಾಯಿತೆಂದರೆ ಕೆಲಸ ಪದೇ ಪದೇ ಹಿಂದೂ ಕುಶಲಕರ್ಮಿಗಳ ಬಾಗಿಲಿಗೇ ಹೋಗುತ್ತಿತ್ತು ಎಂದೇ ಅರ್ಥ.

ಈ ಊರು ಬಿಟ್ಟ ಕೈಗಳ ಕಥೆಯ ಒಂದು ತುದಿ ನಮ್ಮ ಸೀಮೆಯಲ್ಲೇ ಇದೆ. ಸಾಗರ, ಸೊರಬ, ಶಿರಸಿ, ಸಿದ್ದಾಪುರ, ಹೊನ್ನಾವರದ ಗುಡಿಗಾರರು ತಮ್ಮ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಮತಾಂತರಕ್ಕೆ ಹೆದರಿ ಗೋವಾ ಬಿಟ್ಟು ಬಂದವರೆಂದು ಹೇಳಿಕೊಂಡು ಬಂದಿದ್ದಾರೆ. ಗಂಧದ ಪೆಟ್ಟಿಗೆ, ತೇರಿನ ಗೊಂಬೆ, ಬೆಂಡಿನ ಬಾಸಿಂಗ, ಒಂದು ಕಾಲಕ್ಕೆ ದಂತ, ಎಲ್ಲವೂ ಅವರ ಕೈಯದು. ಗೋವಾದಲ್ಲಿ ಉಳಿದವರು ಬಾಲಯೇಸುವನ್ನು ಕೆತ್ತಿದರು, ಗಡಿ ದಾಟಿದವರು ಬಾಲಕೃಷ್ಣನನ್ನು ಕೆತ್ತಿದರು. ಒಂದೇ ಮನೆಯ ಅಣ್ಣತಮ್ಮಂದಿರು ಹೀಗೆ ಎರಡು ದಿಕ್ಕಿಗಾದರೆಂದು ಪುರಾವೆ ಇಟ್ಟು ಹೇಳಲು ಬಾರದು. ಆದರೆ ಹಳೇ ಗೋವಾದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಶಿರಸಿಯ ಪೇಟೆಯ ಗಂಧದ ಗೋಪಾಲನ ಮೊಣಕಾಲು ಮಡಚಿದ ಬಗೆ ನನ್ನ ಕಣ್ಣಿಗೆ ಬರುತ್ತದೆ, ಅದನ್ನು ತಡೆಯಲಾರೆ.

ಗುಡ್ಡದ ಕೆಳಗಿನ ಹೆಂಗಸಿನ ಬಗ್ಗೆ ಹೇಳಬೇಕು. ಅವಳು ಮಗ್ದಲದ ಮರಿಯ. ಪಾಪ ಕಳೆದುಕೊಳ್ಳಲು ಗವಿಯಲ್ಲಿ ಉಳಿದಳೆಂದು ಪಶ್ಚಿಮದ ಕ್ರೈಸ್ತರು ನಂಬಿದ ಸಂತಳು. ಕೈಯಲ್ಲಿ ಪುಸ್ತಕ, ಕೆಲವು ಮೂರ್ತಿಗಳಲ್ಲಿ ಪಕ್ಕದಲ್ಲೊಂದು ತಲೆಬುರುಡೆ, ಬೆನ್ನ ಮೇಲೆ ಬಿಚ್ಚಿಬಿದ್ದ ಕೂದಲು. 1563ರಲ್ಲಿ ಮುಗಿದ ಟ್ರೆಂಟಿನ ಮಹಾಸಭೆಯ ನಂತರ ಕ್ಯಾಥೋಲಿಕ್ ಲೋಕದಲ್ಲಿ ಪಶ್ಚಾತ್ತಾಪದ ಸಂತರಿಗೆ ಎಲ್ಲಿಲ್ಲದ ಮಹತ್ವ ಬಂತು, ಮಗ್ದಲದ ಮರಿಯ ಇಲ್ಲಿಗೆ ಬಂದದ್ದು ಅದರಿಂದಲೇ. ಪಾದ್ರಿಯ ಲೆಕ್ಕದಲ್ಲಿ ಅವಳು ತಪ್ಪಿಸಿಕೊಂಡು ಮರಳಿದ ಕುರಿ. ಗುಡ್ಡವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಪಶ್ಚಾತ್ತಾಪ, ಆಮೇಲೆ ಮಂದೆ, ಆಮೇಲೆ ಜೀವಜಲ, ಕೊನೆಗೆ ಯೇಸು. ಕೆಲವದರಲ್ಲಿ ಇನ್ನೂ ಮೇಲೆ, ಹುಡುಗನ ಬೆನ್ನ ಹಿಂದಿನಿಂದ ಎದ್ದ ಎಲೆಗೊಂಬೆಗಳ ನಡುವೆ ತಂದೆಯಾದ ದೇವರು ಹರಸುತ್ತಾನೆ. ಆ ಕೊಂಬೆಗಳನ್ನು ಬೇರೆಯಾಗಿ ಕೆತ್ತಿ ಸಿಕ್ಕಿಸುತ್ತಿದ್ದರು. ಬಹಳಷ್ಟು ಮೂರ್ತಿಗಳಲ್ಲಿ ಅವು ಬಿದ್ದುಹೋಗಿ, ಸಿಕ್ಕಿಸಿದ ತೂತುಗಳಷ್ಟೇ ಉಳಿದಿವೆ.

ನನಗೆ ಆ ಓದಿಗಿಂತ ಹೆಂಗಸು ಓದುತ್ತಿದ್ದಾಳೆ ಎಂಬುದೇ ದೊಡ್ಡದು. ಇಡೀ ಗುಡ್ಡದಲ್ಲಿ ನಿಜವಾಗಿ ಎಚ್ಚರವಾಗಿರುವ ಮನುಷ್ಯಜೀವಿ ಅವಳೊಬ್ಬಳೇ. ಅಳುತ್ತಿಲ್ಲ, ಎದೆ ಬಡಿದುಕೊಳ್ಳುತ್ತಿಲ್ಲ. ಮನೆಕೆಲಸ ಮುಗಿಸಿ ಒಂದಿಷ್ಟು ಹೊತ್ತು ತನಗೆಂದು ಕದ್ದುಕೊಂಡವಳು ಅವಳು, ಮೊಣಕೈಯೂರಿ ಪುಟದ ಮೇಲೆ ಕಣ್ಣಿಟ್ಟಿದ್ದಾಳೆ. 17ನೇ ಶತಮಾನದ ಗೋವಾದಲ್ಲಿ ಅಕ್ಷರ ಕಲಿತ ಹೆಂಗಸರು ಬೆರಳೆಣಿಕೆಯಷ್ಟು ಇದ್ದಿರಬೇಕು. ಓದಲು ಬಾರದ ಎಷ್ಟೋ ಹೆಂಗಸರು ದಿನವೂ ಸಂಜೆ ಈ ಪುಸ್ತಕ ಹಿಡಿದವಳ ಎದುರು ಮೊಣಕಾಲೂರಿದರು. ಅವರಲ್ಲಿ ಯಾರಿಗಾದರೂ ಅವಳ ಮೇಲೆ ಆಸೆ ಹುಟ್ಟಿರಬಹುದೆಂದು ನೆನೆದಾಗ ನನಗೆ ಈ ಮೂರ್ತಿಯ ಮೇಲೆ ಇನ್ನಷ್ಟು ಪ್ರೀತಿ ಬರುತ್ತದೆ.

ಅದೇ ಗೋವಾದಲ್ಲಿ, ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಜೆಸುಯಿಟ್ ಥಾಮಸ್ ಸ್ಟೀಫನ್ಸ್ ಸಾಷ್ಟಿಯ ಹಳ್ಳಿಗಳಲ್ಲಿ ಇದ್ದುಕೊಂಡು ಯೇಸುವಿನ ಕಥೆಯನ್ನು ಸುಮಾರು 11,000 ಓವಿಗಳಲ್ಲಿ, ಕೊಂಕಣಿ ಬೆರೆತ ಮರಾಠಿಯಲ್ಲಿ ಹಾಡಿದ. ಅದು ‘ಕ್ರಿಸ್ತಪುರಾಣ’, 1616ರಲ್ಲಿ ಅಚ್ಚಾಯಿತು. ಮೊದಲ ಅಚ್ಚಿನ ಒಂದು ಪ್ರತಿಯೂ ಉಳಿಯಲಿಲ್ಲ. ಅದನ್ನು ಮತ್ತೆ ಬೆಳಕಿಗೆ ತಂದದ್ದು 1907ರ ಮಂಗಳೂರಿನ ಮುದ್ರಣ, ನಮ್ಮ ಕರಾವಳಿಯ ಕ್ರೈಸ್ತರು ಕೈಬರಹದಲ್ಲಿ ಜೋಪಾನ ಮಾಡಿದ್ದರಿಂದ. ಗೋವಾದಿಂದ ಕೆಳದಿ ಅರಸರ ಸೀಮೆಗೆ ಇಳಿದು ಬಂದ ಆ ಮನೆತನಗಳು ಹೊತ್ತು ತರಲು ಆಗುವಂಥದ್ದನ್ನೇ ತಂದವು: ಹಾಡು, ಜಪಮಾಲೆ, ಮಡಿಲಲ್ಲಿ ಹಿಡಿಸುವ ಮೂರ್ತಿ.

ಇನ್ನು ದಂತ. ಆನೆಯ ದಂತವೆಂದರೆ ಅದರ ಮೇಲ್ದವಡೆಯ ಬಾಚಿಹಲ್ಲು, ಬದುಕಿರುವಷ್ಟು ಕಾಲ ಬೆಳೆಯುತ್ತದೆ. ಬುಡದಲ್ಲಿ ಪೊಳ್ಳು, ತುದಿಯ ಕಡೆ ಗಟ್ಟಿ. ಪೊಳ್ಳು ಭಾಗದಲ್ಲಿ ಡಬ್ಬಿ ಮಾಡುತ್ತಾರೆ, ಗಟ್ಟಿ ಭಾಗದಲ್ಲಿ ಮೂರ್ತಿ. ದಂತದ ದಪ್ಪ ಎಷ್ಟೋ ಮೂರ್ತಿಯ ಅಗಲವೂ ಅಷ್ಟೇ ಆಗಬೇಕು, ಅದಕ್ಕಾಗಿಯೇ ಕುರುಬನ ಗುಡ್ಡ ಇಷ್ಟು ಸಪೂರವಾಗಿ ಎತ್ತರಕ್ಕೆ ಏಳುತ್ತದೆ. ದೊಡ್ಡ ಗುಡ್ಡ ಬೇಕಾದರೆ ಹಲವು ತುಂಡುಗಳನ್ನು ದಂತದ ಗೂಟಗಳಿಂದಲೇ ಬೆಸೆಯುತ್ತಾರೆ. ಮರದ ಎಳೆಯ ಹಾಗೆ ಸೀಳಿಕೊಳ್ಳದೆ ಉಳಿಗೆ ಒಡ್ಡಿಕೊಳ್ಳುವುದರಿಂದ ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ಗೆದ್ದಲು ಮುಟ್ಟುವುದಿಲ್ಲ, ಕರಾವಳಿಯ ಮನೆಗೆ ಇದು ಸಣ್ಣ ಮಾತಲ್ಲ. ಬಣ್ಣ, ಚಿನ್ನದ ಲೇಪ ಹಚ್ಚಿದ್ದ ಕುರುಹು ಕೆಲವದರಲ್ಲಿ ಇನ್ನೂ ಇದೆ. ಉಜ್ಜಿ ನುಣುಪು ಮಾಡಿದ ಮೈಗೆ ಎಳನೀರಿನ ಗಂಜಿಯ ಬಣ್ಣ, ವರ್ಷ ಕಳೆದಂತೆ ಜೇನಿನ ಕಡೆಗೆ ತಿರುಗುತ್ತದೆ.

ಆ ನುಣುಪನ್ನು ಹೊಗಳಿ ನಿಲ್ಲಿಸಲು ನನ್ನಿಂದಾಗದು. ದಂತ ಬಹುಪಾಲು ಬರುತ್ತಿದ್ದದ್ದು ಪೂರ್ವ ಆಫ್ರಿಕಾದಿಂದ. ಸೊಫಾಲಾದಲ್ಲಿ, ಮೊಜಾಂಬಿಕ್ ದ್ವೀಪದಲ್ಲಿ ಕೋಟೆ ಕಟ್ಟಿ ಕೂತ ಪೋರ್ಚುಗೀಸರು ಗುಜರಾತಿನ ಬಟ್ಟೆ ಕೊಟ್ಟು ಒಳನಾಡಿನ ದಂತ ಕೊಳ್ಳುತ್ತಿದ್ದರು. ಆಫ್ರಿಕಾದ ಆನೆಯಲ್ಲಿ ಗಂಡಿಗೂ ಹೆಣ್ಣಿಗೂ ದಂತವಿದೆ, ಆದ್ದರಿಂದ ಕೊಲ್ಲುವವರಿಗೆ ಎರಡೂ ಒಂದೇ. ದಂತ ಬಂದ ಅದೇ ಕರಾವಳಿಯಿಂದ, ಅದೇ ಕಡಲದಾರಿಯಲ್ಲಿ ಮನುಷ್ಯರೂ ಬಂದರು, ಕೊಂಡು ತಂದವರಾಗಿ. 1583ರಿಂದ ಐದು ವರ್ಷ ಗೋವಾದಲ್ಲಿದ್ದ ಡಚ್ಚಿನವ ಲಿನ್ಸ್‌ಹೋಟೆನ್ ಅಲ್ಲಿನ ಮುಖ್ಯ ಬೀದಿಯಲ್ಲಿ ನಡೆಯುತ್ತಿದ್ದ ಹರಾಜನ್ನು ವರ್ಣಿಸಿದ್ದಾನೆ. ಕುದುರೆ, ಬಟ್ಟೆಗಳ ಜೊತೆಗೆ ಗುಲಾಮರೂ ಅಲ್ಲಿ ಮಾರಾಟಕ್ಕಿದ್ದರು. ಹಾಗೆ ಬಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾದ ಸಿದ್ದಿಗಳು. ನಾನು ಶಾಲೆಗೆ ಹೋಗುವಾಗ ಅವರ ಮಕ್ಕಳು ನನ್ನ ಬೆಂಚಿನಲ್ಲೇ ಕೂತಿದ್ದರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿಗಳ ಮನೆಯಲ್ಲೂ ಗೋಡೆಗೊಂದು ಹಲಗೆ, ಹಲಗೆಯ ಮೇಲೊಬ್ಬ ಯೇಸು ಇದ್ದಾನೆ.

ಆನೆ ಕೊಂದವನು, ದಂತ ಹೊತ್ತು ದಡಕ್ಕೆ ತಂದವನು, ದಂತದ ಜೊತೆ ತಾನೂ ಸರಕಾಗಿ ಹಡಗು ಹತ್ತಿದವನು, ಗುಡಿ ಕಳೆದುಕೊಂಡು ಉಳಿ ಹಿಡಿದವನು, ಇವರೆಲ್ಲರ ಮೇಲೆ ಈ ಹುಡುಗ ಮಲಗಿದ್ದಾನೆ. ಇಷ್ಟು ತಿಳಿದ ಮೇಲೂ ಅವನನ್ನು ಪ್ರೀತಿಸಬಹುದೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಪ್ರೀತಿಸುತ್ತೇನೆ ಎಂಬುದೇ ನನ್ನ ಉತ್ತರ, ಆದರೆ ಆನೆಯನ್ನೂ ಆ ಮನುಷ್ಯರನ್ನೂ ಲೆಕ್ಕದಿಂದ ಹೊರಗಿಟ್ಟು ಅಲ್ಲ. ಕೆತ್ತಿದವನು ತನ್ನ ಕಾಲದ ಕ್ರೌರ್ಯವನ್ನು ಹುಟ್ಟಿಸಿದವನಲ್ಲ, ಅದರ ನಡುವೆ ಕೂತು ಉಳಿ ಹಿಡಿದವನು. ಅವನ ಕೈಗೆ ಬಂದ ದಂತಕ್ಕೆ ರಕ್ತ ಅಂಟಿತ್ತು. ಅದರಲ್ಲಿ ಅವನು ಯಾರನ್ನೂ ಗೆಲ್ಲದ, ಯಾರನ್ನೂ ಶಿಕ್ಷಿಸದ, ದಣಿದು ಮಲಗಿದ ಮಗುವನ್ನು ಕಂಡ. ಸತ್ತ ಆನೆಗೆ ಅದರಿಂದ ನ್ಯಾಯ ಸಿಗಲಿಲ್ಲ ನಿಜ. ಆದರೂ ಆ ಮಗುವಿನ ಮುಖದಲ್ಲಿ ಅವನು ಸುಳ್ಳು ಹೇಳಲಿಲ್ಲ.

ಹೊಸ ದಂತ ಇನ್ನು ಯಾರಿಗೂ ಬೇಡ. ದೇಶದಲ್ಲೇ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ನಮ್ಮದು, 1980ರ ದಶಕದಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ದಂತಕ್ಕಾಗಿ ಸತ್ತ ಗಂಡಾನೆಗಳನ್ನು ಕಂಡ ನಾಡು ಕೂಡ. ವನ್ಯಜೀವಿ ಕಾಯಿದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು, 1991ರದ್ದು ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ಕೆಲವರು ಇದರಿಂದ ಒಂದು ಕಲೆ ಸತ್ತಿತೆಂದು ಮರುಗುತ್ತಾರೆ. ನಾನು ಮರುಗುವುದಿಲ್ಲ. ಕೈಗೆ ಮರ ಸಾಕು.

ಸಾಂತಾ ಮೋನಿಕಾ ಮಠದ ಇಗರ್ಜಿಯಲ್ಲಿ ಇನ್ನೊಂದು ಮೂರ್ತಿಯಿದೆ, ಶಿಲುಬೆಯ ಮೇಲಿನ ಯೇಸು. 1636ರಲ್ಲಿ ಅದು ಕಣ್ಣು ತೆರೆಯಿತು, ಮುಳ್ಳಿನ ಕಿರೀಟದಿಂದ ರಕ್ತ ಇಳಿಯಿತು ಎಂದು ಅಲ್ಲಿನ ಸನ್ಯಾಸಿನಿಯರು ಸಾಕ್ಷಿ ಹೇಳಿದರಂತೆ. ಒಂದೇ ಮಠದಲ್ಲಿ ಕಣ್ಣು ತೆರೆದವನೂ ಕಣ್ಣು ಮುಚ್ಚಿದವನೂ ಇದ್ದಾರೆ. ತೆರೆದವನ ಮುಂದೆ ನಿಂತರೆ ಎದೆ ಬಿಗಿಯುತ್ತದೆ, ನಿಜವಾದ ನಂಬಿಕೆಯ ಜಾಗ ಅದು, ನಾನೂ ಕೈಮುಗಿಯುತ್ತೇನೆ. ಆದರೆ ನನ್ನ ಕಾಲು ಮತ್ತೆ ಮತ್ತೆ ಒಯ್ಯುವುದು ಗಾಜಿನ ಪೆಟ್ಟಿಗೆಯ ಕಡೆಗೆ.

ಬಾಯಮ್ಮನ ಮೊಮ್ಮಗಳು ಹೋದ ವರ್ಷ ಹೊಸ ಮನೆ ಕಟ್ಟಿದಳು. ಹಜಾರದ ಗೋಡೆಯಲ್ಲಿ ಅಲ್ತಾರಿಗೆಂದು ಒಂದು ಗೂಡು ಬಿಡಿಸಿದ್ದಾಳೆ. ಪೇಟೆಯ ಪ್ಲಾಸ್ಟರಿನ ಮೂರ್ತಿ ಬೇಡ, ಅಜ್ಜಿ ಮೆಚ್ಚಿದ್ದ ಆ ಮಲಗಿದ ಮಗು ಬೇಕು ಎಂದಳು. ನಾನು ಫೋಟೊಗಳನ್ನು ಫೋನಿನಲ್ಲಿ ತುಂಬಿಕೊಂಡು ನನಗೆ ಪರಿಚಯವಿದ್ದ ಹಿರಿಯ ಗುಡಿಗಾರರೊಬ್ಬರ ಮನೆಗೆ ಹೋದೆ. ಅವರು ಸಣ್ಣವರಿದ್ದಾಗ ತಂದೆಯ ಪಕ್ಕ ಕೂತು ದಂತವನ್ನೂ ಉಜ್ಜಿದವರು. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಯೇಸು ಯಾರು, ಯಾಕೆ ಮಲಗಿದ್ದಾನೆ ಎಂದು ಕೇಳಲಿಲ್ಲ. “ಇದು ಒಬ್ಬರ ಕೈಯಲ್ಲ ತಂಗಿ,” ಎಂದರು. ಬಂಡೆಯ ಗಂಟುಗಳೆಲ್ಲ ಕಲಿಯುವ ಹುಡುಗರದು, ಒಂದೇ ಅಳತೆಯಲ್ಲಿ ಹೊಡೆದುಕೊಂಡು ಹೋಗಿದ್ದಾರೆ. ಕುರಿಯ ಉಣ್ಣೆ ಸ್ವಲ್ಪ ಪಳಗಿದವನದು. ಮುಖ ಮಾತ್ರ ಯಜಮಾನನದು. ತೆರೆದ ಕಣ್ಣಿನಲ್ಲಿ ಗೊಂಬೆ ಕೊರೆದು ತಪ್ಪು ಮುಚ್ಚಬಹುದು, ಮುಚ್ಚಿದ ಕಣ್ಣಿನಲ್ಲಿ ರೆಪ್ಪೆಯ ಉಬ್ಬು ಒಂದು ಅಕ್ಕಿಕಾಳಿನಷ್ಟು ಹೆಚ್ಚಾದರೂ ಮಗು ಸತ್ತಂತೆ ಕಾಣುತ್ತದೆ ಎಂದು ವಿವರಿಸಿದರು.

ಗೂಡಿನ ಅಳತೆ ಹೇಳಿದೆ. ಅವರು ಒಳಗಿನಿಂದ ಶಿವನೆಯ ಒಂದು ತುಂಡು ತಂದು ಪಕ್ಕಕ್ಕಿಟ್ಟು ಗೇಣು ಹಾಕಿ ನೋಡಿದರು. ಇಷ್ಟರಲ್ಲಿ ಎಲ್ಲ ಹಿಡಿಯುವುದಿಲ್ಲ, ಏನಾದರೂ ಬಿಡಬೇಕು. ಕೆಳಗಿನ ಗವಿಯನ್ನು ಬಿಟ್ಟರೆ ಸುಲಭವಲ್ಲವೇ ಎಂದು ಅವರ ಮಗ ಕೇಳಿದ. “ಕುರಿ ನಾಲ್ಕು ಕಡಿಮೆ ಮಾಡೋಣ, ಹಕ್ಕಿಯನ್ನೂ ಬಿಡೋಣ. ಈ ಓದುವವಳು ಇರಲಿ. ಗುಡ್ಡದ ಭಾರ ಎಲ್ಲ ಅವಳ ಗವಿಯ ಮೇಲೆ ಕೂತಿದೆ, ಅದನ್ನು ತೆಗೆದರೆ ಮೇಲಿನದು ನಿಲ್ಲುವುದಿಲ್ಲ,” ಎಂದರು ತಂದೆ. ಪುಸ್ತಕದ ಮೇಲೆ ಅಕ್ಷರ ಬೇಕೋ ಬರೀ ಗೆರೆ ಸಾಕೋ ಎಂದು ನನ್ನನ್ನು ಕೇಳಿದರು. ಅಕ್ಷರವೇ ಬೇಕು, ಯಾವ ಅಕ್ಷರ ಎಂದು ಮನೆಯವಳನ್ನು ಕೇಳಿ ತಿಳಿಸುತ್ತೇನೆ ಎಂದೆ. ಮಳೆ ಮುಗಿದು ಮರ ಚೆನ್ನಾಗಿ ಆರಿದ ಮೇಲೆ ಶುರುಮಾಡುತ್ತಾರೆ.